ಟಿವಿಗೆ ಕಿವಿಯಿಲ್ಲ

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ನವುಲೆ ಸಿಗುತ್ತೆ. ನಮ್ಮ ಕಡೆಯವರಿಗೆ ನವುಲೆ ಅಂದರೆ ಕೃಷಿ ಕಾಲೇಜು, ಜೆಎನ್ಎನ್ ಇಂಜಿನಿಯರಿಂಗ್ ಕಾಲೇಜು (ಕ್ರಿಕೆಟ್ ಪ್ರಿಯರಿಗೆ ಸ್ಟೇಡಿಯಂ ಕೂಡ!). ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1980ರಲ್ಲಿ. 1998ರಲ್ಲಿ ವಿಟಿಯು ಹುಟ್ಟಿದ ಮೇಲೆ ಅದರ ತೆಕ್ಕೆಗೆ ಬಂತು. ಆ ವಿಟಿಯು ಹೆಸರು ದೇಶದ ಒಂದು ದೊಡ್ಡ ಪ್ರಯೋಗದಲ್ಲಿದೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಪಾಠ ಮಾಡೋದಕ್ಕೆಂದೇ ಮಾಡಿದ ಉಪಗ್ರಹ. ಅದಕ್ಕೆ ಮೊದಲು ಇನ್ಸಾಟ್-3ಬಿ ಬಳಸಿ ಪ್ರಾಯೋಗಿಕ ತರಗತಿ ನಡೆಸಲು ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ವಿಟಿಯು ಒಂದು. ಅದರ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊಟ್ಟದ್ದು ಎರಡೂ ಕಡೆ ಮಾತಾಡಬಲ್ಲ ಉಪಕರಣ. ದೂರದ ಸ್ಟುಡಿಯೋದಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದರೆ ಇಲ್ಲಿ ಕೂತ ಹುಡುಗ ಮೈಕ್ ಹಿಡಿದು "ಸಾರ್, ಆ ಸಮೀಕರಣ ಇನ್ನೊಂದು ಸಲ" ಅನ್ನಬಹುದಿತ್ತು. ಏಕಕಾಲಕ್ಕೆ ಅಷ್ಟೊಂದು ಕಾಲೇಜು ಕೂತಿರುವಾಗ ಪಾಳಿ ಯಾರಿಗೆ ಸಿಗಬೇಕು ಅನ್ನೋದು ಬೇರೆ ಮಾತು. ದಾರಿಯಂತೂ ಇತ್ತು.

ಅದೇ ಯೋಜನೆಯಲ್ಲಿ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳೂ ಸೇರಿದವು. ಅವಕ್ಕೆ ಸಿಕ್ಕಿದ್ದು ಬರೀ ಕೇಳುವ ಡಿಶ್ಶು ಮತ್ತು ಟಿವಿ. ಖರ್ಚಿನ ಲೆಕ್ಕದಲ್ಲಿ ಇದು ಸರಿಯೇ ಇರಬಹುದು. ಆದರೆ ಒಮ್ಮೆ ಯೋಚಿಸಿ: ಇಪ್ಪತ್ತು ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಪ್ರಶ್ನೆ ಕೇಳೋ ಹಕ್ಕು, ಭಾಗಾಕಾರ ಅರ್ಥವಾಗದೆ ತಲೆ ಕೆರೆದುಕೊಳ್ಳೋ ಎಂಟು ವರ್ಷದ ಮಗುವಿಗೆ ಇಲ್ಲ. ನನಗೆ ಇದು ತಲೆಕೆಳಗಾಗಿ ಕಾಣುತ್ತೆ.

ಇದು ಹೊಸದೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ಸೈಟ್ ಅಂತ ಅದರ ಹೆಸರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕೋ ತಂತಿಬಲೆಯಲ್ಲಿ ಮಾಡಿದ ಮೂರು ಮೀಟರ್ ಅಗಲದ ಡಿಶ್! ಬೆಳಗ್ಗೆ ಶಾಲೆ ಮಕ್ಕಳಿಗೆ ಒಂದೂವರೆ ಗಂಟೆ ಕಾರ್ಯಕ್ರಮ. ನಾಲ್ಕು ಭಾಷೆಗೆ ಹಂಚಿದರೆ ಕನ್ನಡದ ಪಾಲು ಸುಮಾರು 22 ನಿಮಿಷ. 1976ರ ಜುಲೈ ಮುಗಿಯುತ್ತಲೇ ಎರವಲಿನ ಗಡುವೂ ಮುಗಿಯಿತು. ಆ ಕಾಲಕ್ಕೆ ಅದು ಪವಾಡವೇ, ಅಲ್ಲಗಳೆಯಲ್ಲ. ಆದರೆ ಟಿವಿ ಹೇಳಬೇಕು, ಮಗು ಕೇಳಬೇಕು ಅನ್ನೋ ಕ್ರಮ ಅಲ್ಲಿಂದಲೇ ಬಂತು.

ನಡುವೆ ಕಂಪ್ಯೂಟರ್ ಕಾಲ. 2001-02ರಲ್ಲಿ ಸರ್ಕಾರ 'ಮಾಹಿತಿ ಸಿಂಧು' ಅಂತ ಶುರುಮಾಡಿ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಯಂತ್ರ, ಕಲಿಸುವವರು ಎಲ್ಲಾ ಖಾಸಗಿ ಗುತ್ತಿಗೆ. ಗುತ್ತಿಗೆ ಅಂದ ಮೇಲೆ ಮುಗಿಯಲೇಬೇಕಲ್ಲ. ಮುಗಿದಾಗ ಕಲಿಸುವವರು ಹೊರಟರು, ಯಂತ್ರ ಉಳಿದವು.

ಎಜುಸ್ಯಾಟ್ 2010ರಲ್ಲಿ ಸೇವೆ ನಿಲ್ಲಿಸಿತು. ಸರಿಯಾಗಿ ಹತ್ತು ವರ್ಷಕ್ಕೆ ಕೊರೋನಾ ಬಂತು, ಶಾಲೆ ಮುಚ್ಚಿದವು. 2020ರ ಜೂನ್‌ನಲ್ಲಿ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು. ಪುಟ್ಟ ಮಕ್ಕಳ ಕಣ್ಣು, ಫೋನ್ ಇಲ್ಲದ ಬಡವರ ಪಾಡು ಎಲ್ಲಾ ಚರ್ಚೆಗೆ ಬಂತು. ಪೋಷಕರು ಹೈಕೋರ್ಟಿಗೆ ಹೋದರು. ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಸರ್ಕಾರದ ಆದೇಶಗಳಿಗೆ ತಡೆ ಕೊಟ್ಟಿತು. ಶಿಕ್ಷಣ ಮೂಲಭೂತ ಹಕ್ಕು, ಹೀಗೆ ನಿಲ್ಲಿಸುವ ಹಾಗಿಲ್ಲ ಅನ್ನೋದು ಅದರ ತಿರುಳು. ತಡೆ ಸರಿಯೇ. ಆದರೆ ನಮ್ಮ ಜಿಲ್ಲೆಯ ಶರಾವತಿ ಹಿನ್ನೀರಿನ ಹಳ್ಳಿಗಳಿಗೆ ಅದರಿಂದ ಏನೂ ಆಗಲಿಲ್ಲ. ಅಲ್ಲಿ ಆನ್‌ಲೈನ್ ಪಾಠ ನಿಷೇಧಿಸಲು ಸರ್ಕಾರವೇ ಬೇಕಿರಲಿಲ್ಲ, ಟವರ್ ಇರಲಿಲ್ಲ! ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಲಿಂಗನಮಕ್ಕಿಗೆ ಜಮೀನು ಕೊಟ್ಟು ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಅವರಲ್ಲಿದ್ದರು. ಕೊನೆಗೆ ಆ ಕಡೆ ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಅನ್ನೋ ಘೋಷಣೆ ಎದ್ದಿತು.

ಆ ವರ್ಷ ಚಂದನದಲ್ಲೂ ಪಾಠ ಬಂತು, 'ಸಂವೇದ' ಅಂತ. ಚೆನ್ನಾಗಿಯೇ ಮಾಡಿದ್ದರು. ಆದರೆ ಮತ್ತೆ ಅದೇ, ಕೇಳು, ಕೇಳಬೇಡ. (ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ನೋಡಿ!)

ನನಗೆ ಹಿಡಿಸಿದ್ದು ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ'. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್ನೆಟ್ ಇರೋ ಸ್ಮಾರ್ಟ್‌ಫೋನ್ ಇದ್ದವರು, ಬರೀ ಸಾದಾ ಫೋನ್ ಇದ್ದವರು, ಏನೂ ಇಲ್ಲದವರು. ಇಷ್ಟು ವರ್ಷ ಕೊಟ್ಟ ಪೆಟ್ಟಿಗೆ ಎಣಿಸುತ್ತಿದ್ದ ಇಲಾಖೆ ಮೊದಲ ಸಲ ಮಗುವಿನ ಕೈಯಲ್ಲಿ ಏನಿದೆ ಅಂತ ಕೇಳಿತು ಅನ್ನಿಸುತ್ತೆ. ಏನೂ ಇಲ್ಲದವರಿದ್ದಲ್ಲಿಗೆ ಮೇಷ್ಟ್ರೇ ಹೋದರು. ದೇವಸ್ಥಾನದ ಜಗಲಿ, ಮರದ ನೆರಳು, ಯಾವುದಾದರೂ ಮನೆಯ ಅಂಗಳ. ಡಿಶ್ ಇಲ್ಲ, ಡೇಟಾ ಇಲ್ಲ, ಕೈ ಎತ್ತಿದ ಮಗು ಮಾತ್ರ ಮೇಷ್ಟ್ರ ಕಣ್ಣಿಗೆ ಬೀಳುತ್ತಿತ್ತು.

ಅದಕ್ಕೆ ಬೆಲೆಯೂ ತೆರಬೇಕಾಯ್ತು. ಸೋಂಕು ಹರಡುವ ಭಯ ಹೆಚ್ಚಿ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಮತ್ತೆ ಶುರುವಾದದ್ದು 2021ರ ಜನವರಿ 1ರಂದು, ಈ ಸಲ ಶಾಲೆಯ ಆವರಣದಲ್ಲೇ, ಆರರಿಂದ ಒಂಬತ್ತನೇ ತರಗತಿಯವರಿಗೆ. ಒಂದರಿಂದ ಐದನೇ ತರಗತಿಯ ಮಕ್ಕಳು ಆಗಲೂ ಮನೆಯಲ್ಲೇ ಇದ್ದರು.