ಜನವರಿ 26: ಲಾಹೋರ್ ಮತ್ತು ನಂದಗಡ

ನಮ್ಮ ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕೃತವಾಗಿದ್ದರೂ ಪೂರ್ಣವಾಗಿ ಜಾರಿಗೆ ಬಂದುದು ಎರಡು ತಿಂಗಳ ತರುವಾಯ. ಲಾಹೋರ್ ಅಧಿವೇಶನದ ನಿರ್ಣಯದ ಮೇರೆಗೆ 1930ರ ಜನವರಿ 26ರಂದು ಜನತೆ ಕೈಕೊಂಡ ಪೂರ್ಣಸ್ವರಾಜ್ಯದ ಪ್ರತಿಜ್ಞೆಯನ್ನು ಗೌರವಿಸುವುದಕ್ಕಾಗಿಯೇ ಆ ದಿನವನ್ನು ಆರಿಸಲಾಯಿತು.

ಅದಕ್ಕೂ ತೊಂಬತ್ತೊಂಬತ್ತು ವರ್ಷ ಹಿಂದೆ, 1831ರ ಇದೇ ದಿನ, ಆಂಗ್ಲರು ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದರು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅಳಿದ ಮೇಲೂ ಕಿತ್ತೂರಿನ ದತ್ತಕ ಉತ್ತರಾಧಿಕಾರಿಗಾಗಿ ಕಾದಿದ ವೀರನೀತ. ಅವನು ಹುಟ್ಟಿದ್ದು ಆಗಸ್ಟ್ 15ರಂದು ಎನ್ನುತ್ತಾರೆ. ಇದನ್ನು ದೈವಸಂಕೇತವೆಂದು ಕೊಂಡಾಡುವವರುಂಟು. ನಮ್ಮ ದೃಷ್ಟಿಯಲ್ಲಿ ಇದು ಕಾಕತಾಳೀಯ; ದಿನ ಗೊತ್ತುಮಾಡಿದವರ ಕಣ್ಣೆದುರಿಗಿದ್ದುದು ಲಾಹೋರೇ ಹೊರತು ನಂದಗಡವಲ್ಲ. ಆ ಗಲ್ಲು ದೊಡ್ಡದೆನಿಸಲು ತಿಥಿಯ ಹೊಂದಿಕೆಯ ಹಂಗಾದರೂ ಏಕೆ? ಅವನ ಸಮಾಧಿಯ ಬಳಿಯ ಆಲದ ಮರವನ್ನು ನಂದಗಡದ ಜನ ಇಂದಿಗೂ ತೋರಿಸುತ್ತಾರೆ.