ಕಪ್ಪು ಅಂಗಿಯವರು ಮತ್ತು ಐದನೇ ದರ್ಜೆ

ಪೋಲೆಂಡಿನಲ್ಲಿ ಯಾರಾದರೂ "ನಮ್ಮ ಟೀಮು ಫಸ್ಟ್ ಲೀಗ್‌ನಲ್ಲಿದೆ" ಅಂದರೆ ತಕ್ಷಣ ಶಹಬ್ಬಾಸ್ ಅಂದುಬಿಡಬೇಡಿ. ಅಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯ ಹೆಸರು ಎಕ್ಸ್‌ಟ್ರಾಕ್ಲಾಸಾ. ಫಸ್ಟ್ ಲೀಗ್ ಅಂದ್ರೆ ಎರಡನೇ ದರ್ಜೆ, ಸೆಕೆಂಡ್ ಲೀಗ್ ಅಂದ್ರೆ ಮೂರನೆಯದು. ಎಲ್ಲರಿಗೂ ಒಂದೊಂದು ಬಡ್ತಿ ಕೊಟ್ಟ ಹಾಗೆ. 2013ರಲ್ಲಿ ರಾಜಧಾನಿ ವಾರ್ಸಾದ ಒಂದು ಕ್ಲಬ್ಬು ಫೋರ್ತ್ ಲೀಗಿಗೆ ಬಿತ್ತು. ಲೆಕ್ಕ ಹಾಕಿ, ಐದನೇ ದರ್ಜೆ. ಎರಡು ಸಲ ದೇಶದ ಚಾಂಪಿಯನ್ ಆಗಿದ್ದ ಕ್ಲಬ್ಬು ಅದು. ವಿಚಿತ್ರ ಏನಪ್ಪಾ ಅಂದ್ರೆ, ಅದು ಮೈದಾನದಲ್ಲಿ ಸೋತು ಬಿದ್ದಿದ್ದಲ್ಲ. ಆ ಸೀಸನ್ನಿನಲ್ಲಿ ಅದು ಎಕ್ಸ್‌ಟ್ರಾಕ್ಲಾಸಾದಲ್ಲಿ ಆರನೇ ಸ್ಥಾನದಲ್ಲಿತ್ತು.

ಕ್ಲಬ್ಬಿನ ಹೆಸರು ಪೊಲೋನಿಯಾ. ಆಫೀಸ್ ಕೆಲಸದ ಮೇಲೆ ವಾರ್ಸಾಗೆ ಹೋಗಿದ್ದಾಗ ಒಂದು ಶನಿವಾರ ಅದರ ಮೈದಾನ ಹುಡುಕಿಕೊಂಡು ಹೋದೆ. ಓಲ್ಡ್ ಟೌನಿನ ಟೂರಿಸ್ಟ್ ಗದ್ದಲ ದಾಟಿ ಉತ್ತರಕ್ಕೆ ಸ್ವಲ್ಪ ನಡೆದರೆ ಕೊನ್‌ವಿಕ್ಟೊರ್ಸ್ಕಾ ಬೀದಿ. 1928ರಲ್ಲಿ ತೆರೆದ ಈ ಸ್ಟೇಡಿಯಂಗೆ ಜನರಲ್ ಸೊಸ್ನ್‌ಕೊವ್‌ಸ್ಕಿ ಅವರ ಹೆಸರು. ಆಚೆ ಕಡೆ ಗ್ದಾನ್‌ಸ್ಕಿ ರೈಲ್ವೆ ನಿಲ್ದಾಣ. ಎರಡರ ನಡುವಿನ ಈ ಜಾಗದ ಕಥೆ ಗೊತ್ತಾಗುವ ತನಕ ನನಗೆ ಅದು ಹಳೇ ಕಾಲದ ಒಂದು ಸಣ್ಣ ಸ್ಟೇಡಿಯಂ ಅಷ್ಟೇ ಆಗಿತ್ತು.

ಕ್ಲಬ್ಬು ಹುಟ್ಟಿದ್ದು 1911ರಲ್ಲಿ. ಆಗ ಭೂಪಟದಲ್ಲಿ ಪೋಲೆಂಡ್ ಅನ್ನೋ ದೇಶವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಅದನ್ನು ಹಂಚಿಕೊಂಡು ನೂರು ವರ್ಷದ ಮೇಲಾಗಿತ್ತು. ವಾರ್ಸಾ ರಷ್ಯಾದ ತ್ಸಾರ್ ಕೈಯಲ್ಲಿತ್ತು. ಅಂಥಾ ಊರಲ್ಲಿ ಒಂದಿಷ್ಟು ಹುಡುಗರು ಫುಟ್‌ಬಾಲ್ ಟೀಮು ಕಟ್ಟಿ ಪೊಲೋನಿಯಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಪೊಲೋನಿಯಾ ಅಂದ್ರೆ ಪೋಲೆಂಡ್! ಅಂಗಿಯ ಬಣ್ಣ ಕಪ್ಪು. ಕಳೆದುಹೋದ ದೇಶಕ್ಕಾಗಿ ಶೋಕ ಅದು ಅಂತ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ದಂತಕಥೆಯೇ ಇರಬಹುದು, ಆದರೆ "ಕಪ್ಪು ಅಂಗಿಯವರು" ಅನ್ನೋ ಅಡ್ಡಹೆಸರು ಮಾತ್ರ ಉಳಿಯಿತು.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಪೋಲಿಷ್ ಕ್ಲಬ್ಬುಗಳನ್ನು ನಿಷೇಧಿಸಿದರು. ಜನ ಕದ್ದುಮುಚ್ಚಿ ಮ್ಯಾಚು ಆಡಿದರು. 1944ರ ಆಗಸ್ಟಿನಲ್ಲಿ ವಾರ್ಸಾ ದಂಗೆ ಎದ್ದಾಗ, ಓಲ್ಡ್ ಟೌನಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಹೋರಾಟಗಾರರು ಉತ್ತರದ ಜೋಲಿಬೋಜ್ ಬಡಾವಣೆಯಲ್ಲಿದ್ದ ತಮ್ಮವರನ್ನು ಸೇರಬೇಕಿತ್ತು. ದಾರಿಗೆ ಅಡ್ಡವಾಗಿ ಜರ್ಮನ್ನರ ಹಿಡಿತದಲ್ಲಿದ್ದ ಗ್ದಾನ್‌ಸ್ಕಿ ನಿಲ್ದಾಣ. ಎರಡೂ ಕಡೆಯಿಂದ ನಡೆದ ದಾಳಿ ವಿಫಲವಾಯಿತು, ನೂರಾರು ಜನ ಸತ್ತರು. ಪೊಲೋನಿಯಾ ಮೈದಾನವೂ ಆ ಕಾಳಗದ ನೆಲವೇ. ದಂಗೆಯನ್ನು ಹೊಸಕಿದ ಮೇಲೆ ಜರ್ಮನ್ನರು ಉಳಿದ ಊರನ್ನು ಬೀದಿ ಬೀದಿಯಾಗಿ ಸುಟ್ಟರು, ಸಿಡಿಸಿದರು. ಯುದ್ಧ ಮುಗಿಯುವಾಗ ಶೇ. 80ಕ್ಕೂ ಹೆಚ್ಚು ಕಟ್ಟಡಗಳು ನೆಲಕಚ್ಚಿದ್ದವು.

1946ರಲ್ಲಿ ಯುದ್ಧಾನಂತರದ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದವರು ಯಾರು ಗೊತ್ತಾ? ಇದೇ ಪೊಲೋನಿಯಾ. ಸ್ವಂತ ಮೈದಾನ ಹಾಳಾಗಿದ್ದರಿಂದ ಅವರು ಆಡಿದ್ದು ಊರಿನ ಎದುರಾಳಿ ಲೆಗಿಯಾದ ಸ್ಟೇಡಿಯಂನಲ್ಲಿ. ನೀರಿಲ್ಲ, ಕರೆಂಟಿಲ್ಲ, ಎಲ್ಲಿ ನೋಡಿದರೂ ಇಟ್ಟಿಗೆಯ ಗುಡ್ಡೆ. ಅಂಥಾ ಊರಿನ ಟೀಮು ಇಡೀ ದೇಶಕ್ಕೆ ಚಾಂಪಿಯನ್.

ಆಮೇಲೆ ಬಂದದ್ದು ಕಮ್ಯುನಿಸ್ಟ್ ಆಡಳಿತ. ಪ್ರತಿ ಕ್ಲಬ್ಬಿಗೂ ಒಂದೊಂದು ಸರ್ಕಾರಿ ಇಲಾಖೆ ಗಂಟುಬಿತ್ತು. ಲೆಗಿಯಾ ಸೈನ್ಯದ್ದು. ಅದಕ್ಕೊಂದು ಅನುಕೂಲ ನೋಡಿ: ದೇಶದ ಒಳ್ಳೊಳ್ಳೆ ಆಟಗಾರರನ್ನು ಕಡ್ಡಾಯ ಸೈನಿಕ ಸೇವೆಯ ನೆಪದಲ್ಲಿ ಕರೆಸಿಕೊಳ್ಳಬಹುದಿತ್ತು. ಪೊಲೋನಿಯಾಗೆ ಸಿಕ್ಕಿದ್ದು ರೈಲ್ವೆ. ಕೊನೆಗೆ ಹೆಸರನ್ನೂ ಕಿತ್ತುಕೊಂಡು ಕೊಲೇಯಾಜ್, ಅಂದ್ರೆ ರೈಲ್ವೆಯವ, ಅಂತ ಮಾಡಿದರು. 1952ರಲ್ಲಿ ಪೋಲಿಷ್ ಕಪ್ ಗೆದ್ದ ಟೀಮು ಅದೇ ವರ್ಷ ಮೇಲಿನ ದರ್ಜೆಯಿಂದ ಕೆಳಗಿಳಿಯಿತು. ವಾಪಸ್ ಹತ್ತಿದ್ದು 1993ರಲ್ಲಿ. ನಲವತ್ತೊಂದು ವರ್ಷ! ಅಪ್ಪನ ಹೆಗಲ ಮೇಲೆ ಕೂತು ಮ್ಯಾಚು ನೋಡಿದ ಹುಡುಗ ಅಜ್ಜನಾಗುವಷ್ಟು ಕಾಲ.

ಎರಡನೇ ಚಾಂಪಿಯನ್‌ಶಿಪ್ ಬಂದದ್ದು 2000ದಲ್ಲಿ. ಅದೂ ಖಚಿತವಾದದ್ದು ಲೆಗಿಯಾದ ಸ್ಟೇಡಿಯಂನಲ್ಲೇ, ಲೆಗಿಯಾವನ್ನೇ 3-0ಯಿಂದ ಸೋಲಿಸಿ. ಆ ಟೀಮಿನ ಸ್ಟಾರ್ ನೈಜೀರಿಯಾದಿಂದ ಬಂದ ಎಮ್ಯಾನುಯೆಲ್ ಒಲಿಸಾಡೆಬೆ. ಜನಾಂಗೀಯ ನಿಂದನೆ ಸಹಿಸಿಕೊಂಡೇ ಆಡಿದ ಈತನಿಗೆ ಅದೇ ವರ್ಷ ಪೋಲೆಂಡಿನ ಪೌರತ್ವ ಸಿಕ್ಕಿತು. ರಾಷ್ಟ್ರೀಯ ತಂಡದ ಮೊದಲ ಕಪ್ಪು ಆಟಗಾರ. 2002ರ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಎಂಟು ಗೋಲು ಹೊಡೆದು, 1986ರ ನಂತರ ಮೊದಲ ಬಾರಿಗೆ ಪೋಲೆಂಡನ್ನು ಅಲ್ಲಿಗೆ ಕರೆದೊಯ್ದ.

ಇಲ್ಲಿಗೆ ಮುಗಿಸಿದರೆ ಚೆಂದದ ಕಥೆ. ಆದರೆ ಮುಂದಿನ ಭಾಗ ಮುಚ್ಚಿಟ್ಟರೆ ಮೋಸವಾಗುತ್ತೆ. 2006ರಲ್ಲಿ ಪೊಲೋನಿಯಾ ಮತ್ತೆ ಕೆಳಗಿಳಿಯಿತು. ಹೊಸ ಮಾಲೀಕ, ರಿಯಲ್ ಎಸ್ಟೇಟ್ ಕುಳ ಯುಜೆಫ್ ವೊಯ್ಚೆಹೊವ್‌ಸ್ಕಿಗೆ ಕಾಯುವ ತಾಳ್ಮೆ ಇರಲಿಲ್ಲ. 2008ರಲ್ಲಿ ಆತ ಗ್ರೊಜಿಸ್ಕ್ ಎಂಬ ಸಣ್ಣ ಊರಿನ ಡಿಸ್ಕೊಬೊಲಿಯಾ ಕ್ಲಬ್ಬಿನ ಎಕ್ಸ್‌ಟ್ರಾಕ್ಲಾಸಾ ಸೀಟನ್ನೇ ಕೊಂಡುಕೊಂಡ. ಪೊಲೋನಿಯಾ ಮೇಲೆ ಹೋಯಿತು, ಗ್ರೊಜಿಸ್ಕಿನ ಜನಕ್ಕೆ ದೊಡ್ಡ ಫುಟ್‌ಬಾಲೇ ಇಲ್ಲವಾಯಿತು. ಕಂಪನಿ ಮರ್ಜರ್ ನೋಡಿದವರಿಗೆ ಇದೇನು ಹೊಸದಲ್ಲ. ಕಾಗದದ ಮೇಲೆ ಎಲ್ಲಾ ಸರಿ.

ನಾಲ್ಕೇ ವರ್ಷ. 2012ರಲ್ಲಿ ಆತ ಬೇಸತ್ತು ಮಾರಿದ. ಕೊಂಡವನಿಗೆ ಈ ಕ್ಲಬ್ಬಿನ ಸೀಟನ್ನೇ ಕಟೊವಿತ್ಸೆ ನಗರಕ್ಕೆ ಸಾಗಿಸುವ ಯೋಚನೆ ಇತ್ತು. ಗ್ರೊಜಿಸ್ಕಿಗೆ ಆದದ್ದು ಈಗ ತಮ್ಮ ಬಾಗಿಲಿಗೇ ಬಂದಿತ್ತು. ಆ ಯೋಜನೆ ಬಿದ್ದುಹೋಯಿತು, ಆದರೆ ಸಂಬಳ, ಸಾಲ ಬಾಕಿ ಉಳಿದವು. ಮುಂದಿನ ವರ್ಷ ಫುಟ್‌ಬಾಲ್ ಸಂಸ್ಥೆ ಲೈಸೆನ್ಸ್ ನಿರಾಕರಿಸಿತು. ಆರನೇ ಸ್ಥಾನದ ಟೀಮಿಗೆ ಬೀಗ.

ಕಂಪನಿ ಸತ್ತಿತು ನಿಜ. ಆದರೆ ಮಕ್ಕಳ ತಂಡಗಳನ್ನು ನಡೆಸುತ್ತಿದ್ದ ಎಂಕೆಎಸ್ ಪೊಲೋನಿಯಾ ಸಂಘ ಬದುಕಿತ್ತು. ಅದೇ ಹೆಸರು, ಅದೇ ಕಪ್ಪು ಅಂಗಿ ತೊಟ್ಟು ಐದನೇ ದರ್ಜೆಯಲ್ಲಿ ಆಡಲು ಇಳಿಯಿತು. ಈ ಸಲ ಯಾರ ಸೀಟೂ ಕೊಳ್ಳಲಿಲ್ಲ. ಮೊದಲ ವರ್ಷವೇ ಒಂದು ದರ್ಜೆ ಹತ್ತಿದರು. 2016ರಲ್ಲಿ ಇನ್ನೊಂದು. 2018ರಲ್ಲಿ ಮತ್ತೆ ಜಾರಿದರು. 2020ರಲ್ಲಿ ವಾರ್ಸಾದಲ್ಲಿ ಐಟಿ ಕಂಪನಿ ಕಟ್ಟಿದ ಫ್ರೆಂಚ್ ಉದ್ಯಮಿ ಗ್ರೆಗ್ವಾರ್ ನಿತೊ ಕ್ಲಬ್ಬನ್ನು ಕೊಂಡರು. 2022ರಲ್ಲಿ ಮೂರನೇ ದರ್ಜೆ, 2023ರಲ್ಲಿ ಎರಡನೆಯದು. ಹತ್ತು ವರ್ಷ ಹಿಡಿಯಿತು, ಇನ್ನೂ ಒಂದು ಮೆಟ್ಟಿಲು ಬಾಕಿ. ಹಾಗಂತ ಎಲ್ಲಾ ಅಭಿಮಾನಿಗಳೇ ಮಾಡಿದ್ದು ಅಂತ ಹೇಳಲಾರೆ. ಈಗಲೂ ದುಡ್ಡು ಒಬ್ಬ ಮಾಲೀಕನದ್ದೇ, ಅವರಿಗೂ ಒಂದು ದಿನ ಬೇಸರ ಬರಬಹುದು.

ಆದರೂ ಆ ಶನಿವಾರ ವಾಪಸ್ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಎರಡು ಚಾಂಪಿಯನ್‌ಶಿಪ್ ಅಲ್ಲ, 2013ರ ಆ ಐದನೇ ದರ್ಜೆ. ಹಿಂದಿನ ವರ್ಷ ಲೆಗಿಯಾ ವಿರುದ್ಧ ಕೂಗಿದ್ದ ಜನ ಈಗ ಹೆಸರೇ ಕೇಳದ ಊರುಗಳ ಟೀಮು ನೋಡೋಕೆ ಬಂದು ಕೂತಿದ್ದರು. ಸೀಟು ಕೊಂಡು ಮೇಲೆ ಹೋಗಿದ್ದ ಕ್ಲಬ್ಬನ್ನು ಬಿದ್ದಾಗ ಹಿಡಿದುಕೊಂಡವರು ಅವರೇ. ಗ್ರೊಜಿಸ್ಕ್‌ನಲ್ಲೂ ಅಂಥವರು ಇದ್ದಿರಬೇಕಲ್ವಾ? 2008ರಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.