ಕೊಲೊನೋಸ್ಕೋಪಿ: ರೋಗಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಬಾಗುವ ಕೊಳವೆಯೊಂದನ್ನು ಗುದದ್ವಾರದ ಮೂಲಕ ಒಳಕ್ಕೆ ಸಾಗಿಸಿ ದೊಡ್ಡ ಕರುಳನ್ನು ಉದ್ದಕ್ಕೂ ನೋಡುವ ಪರೀಕ್ಷೆಗೆ ಕೊಲೊನೋಸ್ಕೋಪಿ ಎಂದು ಹೆಸರು. ಕೊಳವೆ ಕಿರುಬೆರಳಿನಷ್ಟು ದಪ್ಪ, ಒಂದೂವರೆ ಮೀಟರಿಗಿಂತ ತುಸು ಉದ್ದ. ತುದಿಯಲ್ಲಿ ದೀಪವೂ ಕ್ಯಾಮೆರಾವೂ ಇರುತ್ತವೆ. ಅದರೊಳಗಿನ ಸಣ್ಣ ಕಾಲುವೆಯಿಂದ ಚಿಮಟ, ತಂತಿಯ ಕುಣಿಕೆ ಕಳಿಸಬಹುದಾದ್ದರಿಂದ ಇದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ 1969ರಲ್ಲಿ ಇಂಥ ಕುಣಿಕೆಯಿಂದ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಗಂಟು) ಕತ್ತರಿಸಿ ತೆಗೆದರು. ಅದುವರೆಗೆ ಹೊಟ್ಟೆ ಕೊಯ್ದು ಮಾಡಬೇಕಿದ್ದ ಕೆಲಸ ಹೊಲಿಗೆಯಿಲ್ಲದೆ ಮುಗಿಯತೊಡಗಿತು.

ಯಾರಿಗೆ ಬೇಕು?

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಅನೇಕರು ‘ಉಷ್ಣ ಆಗಿದೆ’, ‘ಮೂಲವ್ಯಾಧಿ ಇರಬೇಕು’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಮೂಲವ್ಯಾಧಿ ಇರುವವರಿಗೆ ಕರುಳಿನಲ್ಲಿ ಗಡ್ಡೆಯೂ ಇರಬಹುದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇಲ್ಲವೆಂದಾಗುವುದಿಲ್ಲ. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು, ರಕ್ತ ಕಡಿಮೆಯಾಗಿ ಸುಸ್ತಾದ ಮೇಲೆ ಆಸ್ಪತ್ರೆಗೆ ಬರುವುದು ತೀರ ಅಪಾಯದ ದಾರಿ. ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಬ್ಬಿಣದ ಕೊರತೆಯ ರಕ್ತಹೀನತೆ, ಮಲವಿಸರ್ಜನೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೇ ಉಳಿಯುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರು ಈ ಪರೀಕ್ಷೆ ಹೇಳಬಹುದು.

ಭಾರತದಲ್ಲಿ ಇದಕ್ಕೆ ಇನ್ನೊಂದು ಮುಖ್ಯ ಬಳಕೆಯಿದೆ. ಹೊಟ್ಟೆಯ ಕ್ಷಯ ಹೆಚ್ಚಾಗಿ ಕೂರುವುದು ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ. ಅಲ್ಲಿನ ಹುಣ್ಣು ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ಹುಣ್ಣಿನಂತೆಯೇ ಕಾಣುತ್ತದೆ, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಹೀಗಾಗಿ ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಲಕ್ಷಣವಿಲ್ಲದವರಿಗೂ 45ನೇ ವಯಸ್ಸಿನಿಂದ ಕರುಳಿನ ಕ್ಯಾನ್ಸರ್ ತಪಾಸಣೆ ಮಾಡಬೇಕೆಂದು ಅಮೆರಿಕದ ತಜ್ಞ ಮಂಡಳಿ 2021ರಲ್ಲಿ ಸಲಹೆ ಕೊಟ್ಟಿತು. ಭಾರತದ ರಾಷ್ಟ್ರೀಯ ಕಾರ್ಯಕ್ರಮದ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ; ಕರುಳಿನ ಕ್ಯಾನ್ಸರ್ ಅದರಲ್ಲಿಲ್ಲ. ಆದ್ದರಿಂದ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ತಾವಾಗಿಯೇ ವೈದ್ಯರಿಗೆ ಹೇಳಬೇಕು. ಅಂಥವರಿಗೆ 40ರಿಂದ, ಅಥವಾ ಮನೆಯವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲಿನಿಂದ, ಯಾವುದು ಮುಂಚೆಯೋ ಆಗಿನಿಂದ ಪರೀಕ್ಷೆ ಸೂಚಿಸುವುದು ರೂಢಿ.

ಕರುಳು ಖಾಲಿ ಮಾಡುವ ಔಷಧಿ ಕುಡಿಯುವುದೇ ಕಷ್ಟವಂತೆ, ಹೌದೇ?

ಹೌದು, ಪರೀಕ್ಷೆಗಿಂತ ಹಿಂದಿನ ರಾತ್ರಿಯೇ ಹೆಚ್ಚು ಕಷ್ಟ. ಆದರೂ ಇಡೀ ಪರೀಕ್ಷೆ ನಿಂತಿರುವುದು ಈ ತಯಾರಿಯ ಮೇಲೆ. ಕರುಳಿನಲ್ಲಿ ಮಲ ಉಳಿದಿದ್ದರೆ ಅದರ ಹಿಂದೆ ಅಡಗಿದ ಚಪ್ಪಟೆ ಪಾಲಿಪ್ ಎಷ್ಟು ಅನುಭವಿ ವೈದ್ಯರಿಗೂ ಕಾಣದು. ಪರೀಕ್ಷೆಗೆ ಎರಡು ಮೂರು ದಿನ ಮೊದಲಿನಿಂದ ಸೊಪ್ಪು, ಕಾಳು, ರಾಗಿ, ಟೊಮೆಟೊ, ಸೀಬೆಹಣ್ಣು ಬಿಟ್ಟು ಬಿಳಿ ಅನ್ನ, ಇಡ್ಲಿ, ಮೊಸರಿನಂಥದ್ದು ತಿನ್ನಲು ಹೇಳುತ್ತಾರೆ. ಹಿಂದಿನ ದಿನ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾದಂಥ ತಿಳಿಯಾದ ದ್ರವ ಮಾತ್ರ. ಕೆಂಪು ಬಣ್ಣದ ಪಾನೀಯ ಬೇಡ; ಕರುಳಿನೊಳಗೆ ಅದು ರಕ್ತದಂತೆ ಕಾಣುತ್ತದೆ.

ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಭೇದಿ ಪುಡಿಯನ್ನು ಸಾಮಾನ್ಯವಾಗಿ ಎರಡು ಲೀಟರ್ ನೀರಿಗೆ ಕಲಸಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಬೇಕು. ಉಪ್ಪುಪ್ಪಾದ ರುಚಿ. ತಣ್ಣಗೆ ಮಾಡಿಕೊಂಡರೆ ಗಂಟಲಲ್ಲಿ ಇಳಿಯುತ್ತದೆ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿದರೆ ಕರುಳು ಹೆಚ್ಚು ಸ್ವಚ್ಛವಾಗುತ್ತದೆ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿದ್ದರೆ ತಯಾರಿ ಸರಿಯಾಗಿದೆ ಎಂದರ್ಥ. ಕಂದು ಬಣ್ಣ ಉಳಿದಿದ್ದರೆ ಸಂಕೋಚಪಡದೆ ಸಿಬ್ಬಂದಿಗೆ ಹೇಳಬೇಕು.

ಕಬ್ಬಿಣದ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇವನ್ನು ಮಾತ್ರ ಯಾರೂ ಸ್ವಂತ ನಿರ್ಧಾರದಿಂದ ಬಿಡಕೂಡದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ.

ನೋವಾಗುತ್ತದೆಯೇ?

ಬಹಳ ಕಡೆ ನರಕ್ಕೆ ಮಂಪರಿನ ಔಷಧಿ ಕೊಡುತ್ತಾರೆ. ಎಷ್ಟೋ ಜನರಿಗೆ ಪರೀಕ್ಷೆ ನಡೆದದ್ದೇ ನೆನಪಿರುವುದಿಲ್ಲ. ಒಟ್ಟು ಸಮಯ ಸುಮಾರು 20ರಿಂದ 40 ನಿಮಿಷ. ಕೊಳವೆ ದೊಡ್ಡ ಕರುಳಿನ ಆರಂಭ ಮುಟ್ಟಿತೆಂಬುದಕ್ಕೆ ಅಪೆಂಡಿಕ್ಸ್‌ನ ಸಣ್ಣ ಬಾಯಿಯೇ ಗುರುತು. ಸೂಕ್ಷ್ಮವಾಗಿ ನೋಡುವುದು ಅಲ್ಲಿಂದ ಹಿಂದಕ್ಕೆ ಬರುವಾಗ, ಮಡಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಾ. ಇದಕ್ಕೆ ಕನಿಷ್ಠ ಆರರಿಂದ ಎಂಟು ನಿಮಿಷ ಕೊಡಬೇಕೆಂಬುದು ಒಪ್ಪಿತ ಮಾನದಂಡ. ಕರುಳು ಅರಳಲು ತುಂಬಿದ ಗಾಳಿಯಿಂದ ಆಮೇಲೆ ಹೊಟ್ಟೆ ಉಬ್ಬರಿಸುತ್ತದೆ, ಗಾಳಿ ಹೋದರೆ ಹಗುರಾಗುತ್ತದೆ. ಆ ದಿನ ಗಾಡಿ ಓಡಿಸಬಾರದು, ಜೊತೆಗೆ ಮನೆಯವರು ಒಬ್ಬರು ಇರಬೇಕು.

ಇದರಿಂದ ತೂಕ ಇಳಿಯುತ್ತದೆಯೇ?

ತಯಾರಿಯ ಮರುದಿನ ತೂಕ ಕಡಿಮೆ ಕಾಣಬಹುದು. ಹೋದದ್ದು ನೀರು ಮತ್ತು ಮಲ, ಕೊಬ್ಬಲ್ಲ. ಊಟ ಶುರುವಾದರೆ ಮರಳುತ್ತದೆ. ತೂಕ ಇಳಿಸಲೆಂದು ಭೇದಿ ಔಷಧಿ ಕುಡಿಯುವುದು ಮೂತ್ರಪಿಂಡಕ್ಕೂ ಹೃದಯಕ್ಕೂ ಕೆಡುಕು. ಶಸ್ತ್ರಚಿಕಿತ್ಸೆಯಿಲ್ಲದೆ ತೂಕ ಇಳಿಸುವ ಬಲೂನು ಚಿಕಿತ್ಸೆ ನಡೆಯುವುದು ಬಾಯಿಯ ಮೂಲಕ, ಜಠರದಲ್ಲಿ; ಅದು ಈ ಪರೀಕ್ಷೆಯಲ್ಲ. ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ಅದನ್ನು ಮೊದಲೇ ತಿಳಿಸಬೇಕು: ಆ ಔಷಧಿ ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಮಂಪರಿನಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯಬಹುದು.

ಅಪಾಯವೇನು?

ಕರುಳಿಗೆ ತೂತಾಗುವುದು ಅಪರೂಪ, ಬರೀ ನೋಡಿದಾಗ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತಸ್ರಾವ ಆಗಬಹುದು. ತೀವ್ರ ಹೊಟ್ಟೆನೋವು, ಜ್ವರ, ನಿಲ್ಲದ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಎಲ್ಲವೂ ಸರಿಯಿದ್ದು ಕುಟುಂಬದಲ್ಲಿ ರೋಗವಿಲ್ಲದಿದ್ದರೆ ಮುಂದಿನ ಪರೀಕ್ಷೆ ಸಾಮಾನ್ಯವಾಗಿ 10 ವರ್ಷಕ್ಕೆ. ಪಾಲಿಪ್ ಸಿಕ್ಕಿದ್ದರೆ ಅದರ ಸಂಖ್ಯೆ, ಗಾತ್ರ ಮತ್ತು ಬಯಾಪ್ಸಿ ವರದಿ ನೋಡಿ ಅವಧಿ ಗೊತ್ತುಮಾಡುತ್ತಾರೆ. ಹಾಗಾಗಿ ಆ ವರದಿಯನ್ನು ತಪ್ಪದೆ ಪಡೆದು, ಚಿತ್ರಗಳ ಸಮೇತ ಜೋಪಾನವಾಗಿ ಇಟ್ಟುಕೊಳ್ಳಬೇಕು.